ಹೆಸರಿನ ಜೊತೆ ಕಾರಣವೂ ಉಳಿಯಲಿ

1994ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಶಾನ್ ಕೆಲ್ಸ್ ಎಂಬ 19 ವರ್ಷದ ಹುಡುಗ ಅರೆಕಾಲಿಕ ಕೆಲಸವೊಂದಕ್ಕೆ ಸೇರಿದ. ಸೇರಿದ ಮೂರನೆಯ ದಿನವೇ ಅವಘಡ ನಡೆಯಿತು. ಬೇಗ ಹೊತ್ತಿಕೊಳ್ಳುವ ರಾಸಾಯನಿಕವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಾಗ ಕಿಡಿ ಹಾರಿ, ಮೈಯೆಲ್ಲ ಸುಟ್ಟು, ಅವನು ತೀರಿಕೊಂಡ.

ಇಂಥ ಸಾವು ನಮ್ಮ ಬೀದಿಯಲ್ಲಾದರೆ, ನೋಡಲು ಬಂದವರು ‘ಪಾಪ, ಅವನ ಆಯುಷ್ಯ ಅಷ್ಟೇ ಇತ್ತು’ ಎನ್ನುತ್ತಾರೆ. ಅವರ ಕಣ್ಣೀರು ನಿಜವಾದದ್ದೇ. ಆದರೆ ಆ ಮಾತು ಬಂದ ಮೇಲೆ ಕೇಳಬೇಕಾದ ಪ್ರಶ್ನೆಗಳು ಅಲ್ಲಿಗೇ ನಿಂತುಹೋಗುತ್ತವೆ. ದ್ರವ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಎರಡೂ ಪಾತ್ರೆಗಳನ್ನು ತಂತಿಯಿಂದ ಜೋಡಿಸಿ ನೆಲಕ್ಕೆ ಅರ್ತಿಂಗ್ ಕೊಟ್ಟಿದ್ದರೆ ಆ ವಿದ್ಯುತ್ ಸದ್ದಿಲ್ಲದೆ ಇಳಿದುಹೋಗುತ್ತದೆ. ಕೊಡದಿದ್ದರೆ ಒಂದು ಕಿಡಿ ಸಾಕು, ಆವಿ ಹೊತ್ತಿಕೊಳ್ಳುತ್ತದೆ. ಇದು ಪ್ರೌಢಶಾಲೆಯ ಭೌತಶಾಸ್ತ್ರ. ಆ ಹುಡುಗನ ಸಾವಿಗೂ ಬದುಕಿಗೂ ನಡುವೆ ಇದ್ದದ್ದು ಒಂದು ತಂತಿ, ಮತ್ತು ಮೊದಲ ದಿನವೇ ಯಾರಾದರೂ ಹೇಳಿಕೊಡಬಹುದಾಗಿದ್ದ ನಾಲ್ಕು ಮಾತು. ಇದರಲ್ಲಿ ಹಣೆಬರಹದ ಪಾತ್ರ ಎಲ್ಲಿದೆ?

ತಂದೆ ಪಾಲ್ ಕೆಲ್ಸ್ ಈ ಪ್ರಶ್ನೆಯನ್ನು ಬಿಡಲಿಲ್ಲ. 1996ರಲ್ಲಿ ಸುರಕ್ಷಿತ ಸಮುದಾಯಗಳಿಗಾಗಿ ಪ್ರತಿಷ್ಠಾನವೊಂದನ್ನು ಕಟ್ಟಿ, ಯುವ ಕೆಲಸಗಾರರಿಗೆ ಅಪಾಯವನ್ನು ಗುರುತಿಸಲು ಕಲಿಸುವ ಕೆಲಸಕ್ಕೆ ಇಳಿದರು. ಕೆನಡಾ, ಅಮೆರಿಕಗಳಲ್ಲಿ ಹೀಗೆ ದುಃಖವನ್ನು ವಿದ್ಯೆಯ ಕಡೆಗೆ ತಿರುಗಿಸಿದ ಕುಟುಂಬಗಳೂ ಕಾರ್ಮಿಕ ಸಂಘಗಳೂ ಇನ್ನೂ ಇವೆ. ಒರೆಗಾನ್ ರಾಜ್ಯದ ಶಾಸನಸಭೆ 1991ರಲ್ಲಿ, ಕೆಲಸದಲ್ಲಿ ಸತ್ತವರ ಅಥವಾ ಶಾಶ್ವತವಾಗಿ ಅಂಗವಿಕಲರಾದವರ ಮನೆಯವರ ಓದಿಗೆಂದು ಸ್ಮಾರಕ ವಿದ್ಯಾರ್ಥಿವೇತನ ಸ್ಥಾಪಿಸಿತು. ಇನ್ನು ಕೆಲವು ವಿದ್ಯಾರ್ಥಿವೇತನಗಳು ಸುರಕ್ಷತೆಯನ್ನೇ ವಿಷಯವಾಗಿ ಓದುವವರಿಗೆ, ಅದರ ಬಗ್ಗೆ ಪ್ರಬಂಧ ಬರೆಯುವ ಹುಡುಗ ಹುಡುಗಿಯರಿಗೆ ಮೀಸಲು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಈ ಎರಡನೆಯ ಬಗೆ. ಇಲ್ಲಿ ಸತ್ತವನ ಹೆಸರಿನ ಜೊತೆಗೆ ಸತ್ತ ಕಾರಣವೂ ಉಳಿಯುತ್ತದೆ. ಪ್ರತಿ ವರ್ಷ ಯಾರೋ ಒಬ್ಬ ಹದಿನೆಂಟರ ಹುಡುಗಿ ಕೂತು, ಆ ಯಂತ್ರಕ್ಕೆ ಗಾರ್ಡ್ ಯಾಕಿರಲಿಲ್ಲ, ಅವನಿಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಯೋಚಿಸಿ ಬರೆಯಬೇಕಾಗುತ್ತದೆ. ಪರಲೋಕವನ್ನು ನಂಬದವರೂ ಮನಃಪೂರ್ವಕವಾಗಿ ಮಾಡಬಹುದಾದ ಶ್ರಾದ್ಧ ಇದು.

ಇಂಥ ಕಲಿಕೆ ಕೆಲಸಕ್ಕೆ ಹೊಸಬರಾದವರನ್ನೇ ಉದ್ದೇಶಿಸಿರಬೇಕು ಎನ್ನುವುದಕ್ಕೆ ಬಲವಾದ ಆಧಾರವಿದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಗಾಯಗೊಳ್ಳುವ ಸಂಭವ, ಅಲ್ಲೇ ವರ್ಷ ದಾಟಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಎಂದು ಟೊರಾಂಟೊದ ಇನ್‌ಸ್ಟಿಟ್ಯೂಟ್ ಫಾರ್ ವರ್ಕ್ ಅಂಡ್ ಹೆಲ್ತ್ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ವಯಸ್ಸಾದವರು ಹೊಸ ಕೆಲಸಕ್ಕೆ ಬಂದರೂ ಇದೇ ಕಥೆ. ಹಾಗಾಗಿ ‘ಹುಡುಗರಿಗೆ ಜವಾಬ್ದಾರಿ ಇಲ್ಲ, ಮೊಬೈಲ್ ನೋಡ್ತಾ ಕೆಲಸ ಮಾಡ್ತಾರೆ’ ಎಂಬ ದೂರು ಪೂರ್ಣ ಸತ್ಯವಲ್ಲ. ಹೇಳಿಕೊಡದೆ ಕೆಲಸಕ್ಕೆ ಹಚ್ಚುವುದೇ ದೊಡ್ಡ ಅಪಾಯ.

ಈ ವಿದ್ಯಾರ್ಥಿವೇತನಗಳ ಬಗ್ಗೆ ಒಂದು ಅಳುಕೂ ನನಗಿದೆ. ಎಚ್ಚರದ ಹೊಣೆಯನ್ನೆಲ್ಲ ಹುಡುಗರ ಹೆಗಲಿಗೆ ಹೊರಿಸಿ ಮಾಲೀಕ ಕೈತೊಳೆದುಕೊಳ್ಳುವುದಕ್ಕೆ ಅವು ದಾರಿಯಾಗಬಾರದು. ಅಪಾಯಕಾರಿ ಕೆಲಸವನ್ನು ನಿರಾಕರಿಸುವ ಹಕ್ಕು ಒಂಟಾರಿಯೊದ ಕಾನೂನಿನಲ್ಲಿ 1994ರಲ್ಲೂ ಇತ್ತು. ಆದರೆ ಮೂರು ದಿನದ ಹಿಂದೆ ಸೇರಿದ ಹುಡುಗ ಸೂಪರ್‌ವೈಸರ್ ಎದುರು ನಿಂತು ‘ಇದನ್ನು ನಾನು ಮಾಡುವುದಿಲ್ಲ’ ಎನ್ನಬಲ್ಲನೇ? ಅಪಾಯ ಇದೆ ಎಂದೇ ತಿಳಿಯದವನು ನಿರಾಕರಿಸುವುದಾದರೂ ಏನನ್ನು? 1992ರಲ್ಲಿ ಅದೇ ದೇಶದ ವೆಸ್ಟ್‌ರೇ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 26 ಜನ ಸತ್ತರು. ಯಾರಿಗೂ ಶಿಕ್ಷೆಯಾಗಲಿಲ್ಲ. ಸತ್ತವರ ಮನೆಯವರೂ ಉಕ್ಕು ಕಾರ್ಮಿಕರ ಸಂಘದವರೂ ವರ್ಷಗಟ್ಟಲೆ ಹೋರಾಡಿದ ಮೇಲೆ, ಕೆಲಸಗಾರರ ಸುರಕ್ಷತೆಯನ್ನು ಕಡೆಗಣಿಸುವ ಸಂಸ್ಥೆಗಳನ್ನು ಕ್ರಿಮಿನಲ್ ಹೊಣೆಗೆ ಗುರಿಪಡಿಸುವ ತಿದ್ದುಪಡಿ 2004ರಲ್ಲಿ ಜಾರಿಗೆ ಬಂತು. ಪ್ರಬಂಧದ ಜೊತೆ ಕಾನೂನೂ ಬೇಕು, ಕಾನೂನಿನ ಬೆನ್ನಿಗೆ ಸಂಘಟನೆಯೂ ಬೇಕು.

ನಮ್ಮ ದೇಶದಲ್ಲಿ ಕಾನೂನಿನ ಬರವಣಿಗೆಗೆ ಕೊರತೆಯಿರಲಿಲ್ಲ. ಸಾಕಷ್ಟು ತರಬೇತಿಯಾಗಲಿ ಅನುಭವಿಗಳ ಮೇಲ್ವಿಚಾರಣೆಯಾಗಲಿ ಇಲ್ಲದೆ ಎಳೆಯರನ್ನು ಅಪಾಯಕಾರಿ ಯಂತ್ರದ ಮುಂದೆ ನಿಲ್ಲಿಸಕೂಡದು ಎಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಭೋಪಾಲ್ ದುರಂತದ ನಂತರ, 1987ರಲ್ಲಿ, ಸುರಕ್ಷತೆಯ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕೂ ಕೆಲಸಗಾರರಿಗೆ ಬಂತು. ಆದರೆ ಐಟಿಐ ಮುಗಿಸಿ ಪೀಣ್ಯದ ಶೆಡ್ಡೊಂದರಲ್ಲಿ ಪವರ್ ಪ್ರೆಸ್ ಮುಂದೆ ನಿಲ್ಲುವ ಹುಡುಗನನ್ನು ಕೇಳಿ ನೋಡಿ. ಪಠ್ಯದಲ್ಲಿ ಸುರಕ್ಷತೆಯ ಪಾಠ ಓದಿರುತ್ತಾನೆ, ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿರುತ್ತಾನೆ. ‘ಗಾರ್ಡ್ ತೆಗೆದು ಬೇಗ ಹೊಡಿ’ ಎಂದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅವನು ಗುತ್ತಿಗೆ ಕೆಲಸಗಾರನಾಗಿದ್ದರೆ ತನ್ನ ಮಾಲೀಕ ಯಾರು ಎಂಬುದೇ ಸ್ಪಷ್ಟವಿರುವುದಿಲ್ಲ.

ಕನ್ನಡನಾಡಿನಲ್ಲಿ ದತ್ತಿ ಇಡುವ ಒಳ್ಳೆಯ ಪದ್ಧತಿ ಇದೆ. ಶಾಲೆ ಶಾಲೆಗಳಲ್ಲಿ ತಂದೆತಾಯಿಯ, ಅಕಾಲದಲ್ಲಿ ಹೋದ ಮಕ್ಕಳ ಸ್ಮರಣಾರ್ಥ ಬಹುಮಾನಗಳಿವೆ. ಹೆಚ್ಚಿನವು ಅತಿ ಹೆಚ್ಚು ಅಂಕ ತೆಗೆದವರಿಗೆ. ಕಾರ್ಖಾನೆಯಲ್ಲಿ, ಕಟ್ಟಡದ ಸಾರುವೆಯ ಮೇಲೆ, ಮ್ಯಾನ್‌ಹೋಲಿನೊಳಗೆ ಮಗನನ್ನೋ ತಮ್ಮನನ್ನೋ ಕಳೆದುಕೊಂಡ ಮನೆಗಳಿಗೆ ದತ್ತಿ ಇಡುವಷ್ಟು ಹಣ ಎಲ್ಲಿಂದ ಬರಬೇಕು? ಅವರ ಪರವಾಗಿ ಕೈಗಾರಿಕಾ ಸಂಘಗಳು, ಕಾರ್ಮಿಕ ಸಂಘಟನೆಗಳು, ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರುಗಳು ಮುಂದೆ ಬರಬೇಕು. ನಿಮ್ಮೂರಿನ ಐಟಿಐಯಲ್ಲೋ ಪಾಲಿಟೆಕ್ನಿಕ್‌ನಲ್ಲೋ ಒಂದು ದತ್ತಿ ಇಡಿ. ತಾನು ತರಬೇತಿ ಪಡೆದ ಜಾಗದ ಒಂದು ಅಪಾಯವನ್ನು ಗುರುತಿಸಿ, ಅದನ್ನು ಸರಿಪಡಿಸುವ ಬಗೆಯನ್ನು ಬರೆದ ವಿದ್ಯಾರ್ಥಿಗೆ ಆ ಹಣ ಹೋಗಲಿ. ಬರೆದದ್ದಕ್ಕಾಗಿ ಅವನ ಕೆಲಸ ಹೋಗದಂತೆ ನೋಡಿಕೊಳ್ಳುವ ಹೊಣೆಯನ್ನೂ ದತ್ತಿ ಇಟ್ಟವರೇ ಹೊರಲಿ.