ಎಲೆ ಹೇಳುವದೋ, ನಾವು ಹೇಳುವದೋ?



ಕಳೆದ ಕ್ರಿಸ್ಮಸ್ ಹಬ್ಬಕ್ಕೆ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಊರಿಗೆ ಬಂದಳು. ಅಲ್ಲಿ ಒಂದು ಕಚೇರಿಯಲ್ಲಿ ಕೆಲಸದಲ್ಲಿರುವವಳು; ವಿವೇಕಿ; ಆರಾಧನೆಯಲ್ಲಿ ಅವಳ ಸ್ವರವು ಕೇಳದಿದ್ದರೆ ನಮಗೆಲ್ಲಾ ಕೊರತೆಯಾಗಿ ಕಾಣುವದು. ಊಟವಾದ ಮೇಲೆ ಅವಳು ತನ್ನ ಚೀಲದಿಂದ ಒಂದು ಎಲೆಗಳ ಕಟ್ಟನ್ನು ತೆಗೆದು ಜಗಲಿಯ ಮೇಲೆ ಹರಡಿದಳು. ಅವು ಇಸ್ಪೀಟು ಎಲೆಗಳಿಗಿಂತ ದೊಡ್ಡವು. ಒಂದೊಂದರ ಮೇಲೆಯೂ ಬಣ್ಣದ ಚಿತ್ರವಿತ್ತು. ನನ್ನ ತಾಯಿಯವರು ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, "ಇದೇನೇ, ಗಿಳಿಶಾಸ್ತ್ರದವನ ಎಲೆಯಲ್ಲವೇ? ಗಿಳಿ ಒಂದು ಇಲ್ಲ, ಅಷ್ಟೇ. ಒಲೆಗೆ ಹಾಕು" ಅಂದರು. ಹುಡುಗಿಯು ನಕ್ಕು ನನ್ನ ಕಡೆಗೆ ತಿರುಗಿ, "ದೊಡ್ಡಪ್ಪ, ಇದಕ್ಕೆ ಟಾರೋ ಅನ್ನುತ್ತಾರೆ. ಬರೀ ವಿನೋದಕ್ಕೆ ಕಲಿಯುತ್ತಾ ಇದ್ದೇನೆ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ" ಅಂದಳು.

ಆ ಹೊತ್ತು ನಾನು ಉತ್ತರ ಕೊಡಲಿಲ್ಲ. ತಿಳಿಯದೆ ಮೆಚ್ಚುವದು ಹೇಗೆ ಸರಿಯಲ್ಲವೋ, ತಿಳಿಯದೆ ಖಂಡಿಸುವದೂ ಹಾಗೆಯೇ ಸರಿಯಲ್ಲ. ಆದಕಾರಣ ಆ ವಸ್ತುವು ಏನೆಂಬದನ್ನು ಮೊದಲು ವಿಚಾರಿಸಿದೆನು. ವಿಚಾರಿಸಿ ತಿಳಿದದ್ದನ್ನೂ ಆ ಮೇಲೆ ನಡೆದದ್ದನ್ನೂ ಇಲ್ಲಿ ಬರೆಯುತ್ತೇನೆ. ಯಾಕಂದರೆ ಈ ಎಲೆಗಳು ಈಗ ಪಟ್ಟಣದಲ್ಲಿ ಮಾತ್ರವೇ ಇಲ್ಲ. ಕೈಯಲ್ಲಿರುವ ಫೋನಿನ ಮೂಲಕ ನಮ್ಮ ಹಳ್ಳಿಗಳ ಯೌವನಸ್ಥರ ಬಳಿಗೂ ಬಂದವೆ.

ಟಾರೋ ಕಟ್ಟಿನಲ್ಲಿ ೭೮ ಎಲೆಗಳುಂಟು. ಅವುಗಳಲ್ಲಿ ೫೬ ಎಲೆಗಳು ಬಟ್ಟಲು, ಖಡ್ಗ, ನಾಣ್ಯ, ಕೋಲು ಎಂಬ ನಾಲ್ಕು ಪಂಗಡಗಳಾಗಿವೆ. ಒಂದೊಂದು ಪಂಗಡದಲ್ಲಿ ಒಂದರಿಂದ ಹತ್ತರ ವರೆಗೆ ಸಂಖ್ಯೆಯ ಎಲೆಗಳೂ, ಅರಸ, ರಾಣಿ, ರಾಹುತ, ಸೇವಕ ಎಂಬ ನಾಲ್ಕು ಚಿತ್ರದ ಎಲೆಗಳೂ ಇರುವವು. ಮಿಕ್ಕ ೨೨ ಎಲೆಗಳಲ್ಲಿ ಮೂಢನು, ಅದೃಷ್ಟಚಕ್ರ, ಮರಣ, ಗೋಪುರ, ಸೂರ್ಯ, ಲೋಕ ಎಂಬ ಮುಂತಾದ ಚಿತ್ರಗಳಿವೆ. ಇವು ಹುಟ್ಟಿದ್ದು ಉತ್ತರ ಇಟಲಿ ದೇಶದಲ್ಲಿ. ೧೪೪೦ನೇ ಇಸವಿಯಲ್ಲಿ ಫ್ಲಾರೆನ್ಸ್ ಪಟ್ಟಣದವನೊಬ್ಬನ ದಿನಚರಿಯಲ್ಲಿಯೂ, ೧೪೪೨ರಲ್ಲಿ ಫೆರಾರಾ ಅರಮನೆಯ ಲೆಕ್ಕದಲ್ಲಿಯೂ ಇವುಗಳ ಮಾತು ಬಂದದೆ. ಯಾತಕ್ಕೋಸ್ಕರ ಅಂದರೆ, ಆಟಕ್ಕೋಸ್ಕರವೇ. ಆ ವಿಶೇಷವಾದ ಎಲೆಗಳು ನಮ್ಮವರು ತುರುಪು ಅನ್ನುವಂಥವು. ಬೇರೆ ಎಲೆಗಳನ್ನು ಗೆಲ್ಲುವದೇ ಅವುಗಳ ಕೆಲಸವಾಗಿತ್ತು. ಇಂದಿಗೂ ಫ್ರಾನ್ಸ್, ಆಸ್ಟ್ರಿಯ ದೇಶಗಳಲ್ಲಿಯೂ, ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಬೆಟ್ಟಗಳಲ್ಲಿಯೂ, ದಕ್ಷಿಣ ಜರ್ಮನಿಯ ಕಪ್ಪು ಕಾಡಿನ ಸೀಮೆಯಲ್ಲಿಯೂ ಜನರು ಇವುಗಳಿಂದ ಆಡುತ್ತಾರೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಬೋಧಕರಲ್ಲಿ ಅನೇಕರ ತಾಯಿನಾಡು ಈ ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಗಳೇ. ಅಲ್ಲಿ ಈ ಆಟಕ್ಕೆ ಕೂತವರು ಆಟವನ್ನು ಗೆಲ್ಲುವ ಚಿಂತೆಯಲ್ಲಿರುವರೇ ಹೊರತು, ನಾಳೆಯ ಸಂಗತಿಯನ್ನು ಎಲೆಗಳಿಂದ ವಿಚಾರಿಸುವದಿಲ್ಲ.

ಹಾಗಾದರೆ ಭವಿಷ್ಯ ಹೇಳುವ ಮಾತು ಲೋಕದಲ್ಲಿ ಹಬ್ಬಿದ್ದು ಹೇಗೆ? ೧೭೮೧ನೇ ಇಸವಿಯಲ್ಲಿ ಪಾರಿಸ್ ಪಟ್ಟಣದಲ್ಲಿ ಅಂತ್ವಾನ್ ಕೂರ್ ದ ಜೆಬಲೆನ್ ಎಂಬ ಪಂಡಿತನು ತನ್ನ ಮಹಾಗ್ರಂಥದ ಎಂಟನೆಯ ಸಂಪುಟದಲ್ಲಿ, ಈ ಎಲೆಗಳು ಪುರಾತನ ಐಗುಪ್ತ ದೇಶದ ಯಾಜಕರು ತಮ್ಮ ಗುಪ್ತಜ್ಞಾನವನ್ನು ಅಡಗಿಸಿಟ್ಟ ಪುಸ್ತಕವೆಂದು ಬರೆದನು. ಈತನು ಅನ್ಯನಲ್ಲ, ನಮ್ಮವನೇ ಎಂದು ಒಪ್ಪಿಕೊಳ್ಳಬೇಕು. ಹಿಂಸೆಗೊಳಗಾಗಿದ್ದ ಫ್ರಾನ್ಸಿನ ಪ್ರೊಟೆಸ್ಟಂಟ್ ಸಭೆಗಳನ್ನು ತಿರಿಗಿ ಕಟ್ಟಿದ ಅಂತ್ವಾನ್ ಕೂರನ ಮಗನು. ತಾನೂ ಬೋಧಕನಾಗಿ ದೀಕ್ಷೆ ಹೊಂದಿದವನು. ಆ ಕಾಲದಲ್ಲಿ ಐಗುಪ್ತದ ಚಿತ್ರಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ೧೮೨೨ರಲ್ಲಿ ಶಾಂಪೋಲ್ಯೋನ್ ಎಂಬವನು ಆ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ, ಐಗುಪ್ತದವರ ಬರಹಗಳಲ್ಲಿ ಟಾರೋ ಎಲೆಯ ಸುಳಿವೇ ಸಿಕ್ಕಲಿಲ್ಲ. ಆದರೆ ಅಷ್ಟರಲ್ಲಿ ಸುಳ್ಳು ಊರು ಸುತ್ತಿ ಬಂದಿತ್ತು. ೧೭೮೫ರಲ್ಲಿಯೇ ಎತೇಯ ಎಂಬ ಹೆಸರಿನಿಂದ ಬರೆಯುತ್ತಿದ್ದವನು ಟಾರೋ ಎಲೆಗಳಿಂದ ಶಕುನ ನೋಡುವ ಕ್ರಮವನ್ನು ಅಚ್ಚು ಹಾಕಿಸಿದ್ದನು. ೧೯೦೯ರಲ್ಲಿ ಲಂಡನಿನಲ್ಲಿ ಆರ್ಥರ್ ಎಡ್ವರ್ಡ್ ವೇಟ್ ಎಂಬವನ ಮಾತಿನಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಗಾತಿಯು ಅಲ್ಪವಾದ ಕೂಲಿಗೆ ಹೊಸ ಚಿತ್ರಗಳನ್ನು ಬರೆದುಕೊಟ್ಟಳು. ನನ್ನ ತಮ್ಮನ ಮಗಳ ಕೈಯಲ್ಲಿದ್ದದ್ದು ಆ ಚಿತ್ರಗಳ ಕಟ್ಟೇ. ೧೯೮೦ರಲ್ಲಿ ಆಕ್ಸ್‌ಫರ್ಡಿನ ತತ್ವಜ್ಞಾನಿಯಾದ ಮೈಕೆಲ್ ಡಮೆಟ್ ಎಂಬವರು ಹಳೇ ದಾಖಲೆಗಳನ್ನೆಲ್ಲಾ ಶೋಧಿಸಿ, ಮೊದಲಿನ ಮೂರು ಶತಮಾನಗಳಿಗೂ ಮಿಕ್ಕಿದ ಕಾಲ ಇದು ಮುಖ್ಯವಾಗಿ ಆಟವೇ ಆಗಿತ್ತೆಂದು ತೋರಿಸಿಕೊಟ್ಟರು.

ಇದರಿಂದ ನಾವು ತಿಳಿಯತಕ್ಕದ್ದೇನು? ಎಲೆಯಲ್ಲಿ ಮಂತ್ರವಿಲ್ಲ, ಕಾಗದವೂ ಬಣ್ಣವೂ ಇರುವವು. ಅದನ್ನು ಪೂಜ್ಯವೆಂದು ಪಟ್ಟೆವಸ್ತ್ರದಲ್ಲಿ ಸುತ್ತಿಡುವವನೂ, ದೆವ್ವವೆಂದು ಹೆದರಿ ಒಲೆಗೆ ಹಾಕುವವನೂ ಒಂದೇ ಸುಳ್ಳನ್ನು ನಂಬಿದವರಾಗಿದ್ದಾರೆ. ಒಬ್ಬನು ಆ ಸುಳ್ಳಿನ ಮುಂದೆ ಕೈ ಮುಗಿಯುತ್ತಾನೆ. ಇನ್ನೊಬ್ಬನು ಅದರಿಂದ ಓಡುತ್ತಾನೆ. ಇದನ್ನು ನಾನು ತಾಯಿಯವರಿಗೆ ಹೇಳಿದಾಗ ಅವರು, "ಸರಿ, ಕಾಗದಕ್ಕೆ ಹೆದರುವದಿಲ್ಲ. ಕಾಗದ ಹಿಡಿದವರಿಗೆ ಹೆದರುತ್ತೇನೆ" ಅಂದರು. ಆ ಮಾತು ಎಷ್ಟು ನಿಜವೆಂಬದು ನನಗೆ ಮೂರು ದಿವಸಗಳ ಮೇಲೆ ತಿಳಿಯಿತು.

ಹುಡುಗಿಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಹೊಸದಾಗಿ ಕಲಿಯುವವರು ಪ್ರತಿದಿನ ಬೆಳಿಗ್ಗೆ ಎಲೆಗಳನ್ನು ಕಲಸಿ ಒಂದನ್ನು ತೆಗೆಯುವರು. ಆ ಚಿತ್ರವನ್ನು ನೋಡಿ ಮನಸ್ಸಿಗೆ ತೋಚಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವರು. ಸ್ವಲ್ಪ ಅಭ್ಯಾಸವಾದ ಮೇಲೆ ಮೂರು ಎಲೆಗಳನ್ನಿಟ್ಟು ಹಿಂದಿನದು, ಈಗಿನದು, ಮುಂದಿನದು ಎಂದು ಓದುವರು. ಇನ್ನೂ ಬಲ್ಲವರು ಹತ್ತು ಎಲೆಗಳನ್ನು ಹರಡುವರು. "ಕೋಲಿನ ಹತ್ತನೆಯ ಎಲೆಯಲ್ಲಿ ಒಬ್ಬನು ಹೊರೆ ಹೊತ್ತು ಬಾಗಿ ನಡೆಯುತ್ತಾನೆ, ದೊಡ್ಡಪ್ಪ. ಅದನ್ನು ನೋಡಿದ ದಿನವೇ ನಾನು ಎಷ್ಟು ದಣಿದಿದ್ದೇನೆಂದು ನನಗೆ ತಿಳಿದದ್ದು" ಅಂದಳು. ಇದನ್ನು ನಾನು ಹಾಸ್ಯ ಮಾಡಲಾರೆನು. ಮನುಷ್ಯನು ತನ್ನನ್ನು ತಾನು ನೋಡಿಕೊಳ್ಳುವದಕ್ಕೆ ಕನ್ನಡಿ ಬೇಕು. ಒಂದು ಚಿತ್ರವೂ ಕನ್ನಡಿಯಾದೀತು. ಆದರೆ ಕನ್ನಡಿಯಲ್ಲಿ ಕಾಣುವದು ನೋಡುವವನ ಮುಖವೇ ಎಂಬದನ್ನು ಮರೆಯಬಾರದು. ೧೯೪೮ರಲ್ಲಿ ಅಮೇರಿಕದ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞನು ತನ್ನ ೩೯ ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವಿವರಣೆಯೆಂದು ಒಂದೊಂದು ಕಾಗದವನ್ನು ಕೊಟ್ಟನು. ಇದು ನಿಮಗೆ ಎಷ್ಟು ಒಪ್ಪುತ್ತದೆಂದು ಕೇಳಿದಾಗ, ಅವರು ೫ರಲ್ಲಿ ಸರಾಸರಿ ೪ಕ್ಕಿಂತ ಹೆಚ್ಚು ಅಂಕ ಕೊಟ್ಟರು. ಆ ಮೇಲೆ ನೋಡಿದರೆ ಎಲ್ಲರ ಕಾಗದದಲ್ಲಿಯೂ ಒಂದೇ ಬರಹವಿತ್ತು; ಅದರ ಮಾತುಗಳನ್ನು ಅವನು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ತೆಗೆದಿದ್ದನು. ನಮ್ಮ ಮನಸ್ಸು ಯಾವ ಮಾತಿನಲ್ಲಿಯೂ ತನ್ನನ್ನೇ ಕಂಡುಕೊಳ್ಳುವಂಥದು.

ಈಗ ಆ ಮೂರನೆಯ ದಿವಸದ ಸಂಗತಿ. ನಮ್ಮ ನೆರೆಯಲ್ಲಿ ಒಬ್ಬ ವಿಧವೆಯಿದ್ದಾಳೆ. ಅವಳ ಒಬ್ಬನೇ ಮಗನು ದೂರದ ಊರಿಗೆ ಕೆಲಸಕ್ಕೆ ಹೋಗಿ ಎರಡು ವರುಷವಾಯಿತು. ಹದಿನಾಲ್ಕು ತಿಂಗಳಿಂದ ಒಂದು ಮಾತೂ ಬಂದಿಲ್ಲ. ಎಲೆಗಳ ಸುದ್ದಿ ಹೇಗೋ ಅವಳ ಕಿವಿಗೆ ಬಿತ್ತು. ರಾತ್ರಿ ದೀಪವಾರಿಸುವ ಹೊತ್ತಿಗೆ ಹಿತ್ತಲ ಬಾಗಿಲಿಂದ ಬಂದು ಹುಡುಗಿಯ ಕೈ ಹಿಡಿದುಕೊಂಡು, "ಮಗಳೇ, ನನ್ನ ಮಗ ಬದುಕಿದ್ದಾನೋ ಇಲ್ಲವೋ, ಒಂದು ಎಲೆ ತೆಗೆದು ನೋಡು" ಅಂದಳು. ಹುಡುಗಿಯು ಬೇಡವೆಂದಳು, ವಿನೋದಕ್ಕೆ ಮಾತ್ರವೆಂದಳು. ಕಣ್ಣೀರಿನ ಮುಂದೆ ಆ ಮಾತು ನಿಲ್ಲಲಿಲ್ಲ. ಎಲೆ ತೆಗೆದಳು. ಸೂರ್ಯನು ಬಂದನು: ಮೇಲೆ ಉರಿಯುವ ಸೂರ್ಯ, ಗೋಡೆಯ ಆಚೆ ಸೂರ್ಯಕಾಂತಿ ಹೂವುಗಳು, ಬಿಳೀ ಕುದುರೆಯ ಮೇಲೆ ಒಂದು ಮಗು. ಹುಡುಗಿಯು ಬಾಯಿ ತೆರೆಯುವ ಮೊದಲೇ ಆ ತಾಯಿಯು, "ಬರುತ್ತಾ ಇದ್ದಾನೆ! ಕುದುರೆಯ ಮೇಲೆ ಬರುತ್ತಾ ಇದ್ದಾನೆ!" ಎಂದು ಎಲೆಯನ್ನು ಎದೆಗೆ ಒತ್ತಿಕೊಂಡಳು. ಹುಡುಗಿಯು ಮರುಕದಿಂದ, "ಹೌದು, ಒಳ್ಳೇ ಎಲೆಯೇ" ಅಂದುಬಿಟ್ಟಳು.

ಮರುದಿನ ಆ ವಿಧವೆಯು ಮನೆಗೆ ಸುಣ್ಣ ಹೊಡೆಯಿಸತೊಡಗಿದಳು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಆ ವಾರವೇ ಅವಳು ಸಭೆಯ ಹಿರಿಯರೊಬ್ಬರ ಸಂಗಡ ಪೊಲೀಸ್ ಠಾಣೆಗೆ ಹೋಗಿ, ಮಗನು ಕಾಣೆಯಾಗಿದ್ದಾನೆಂದು ಬರೆಯಿಸಿಕೊಡುವದಾಗಿ ನಿಶ್ಚಯವಾಗಿತ್ತು. ಹಿರಿಯರು ಕರೆಯಲು ಬಂದಾಗ, "ಇನ್ನು ಬೇಡ, ಅವನು ಬರುತ್ತಾನೆಂದು ತಿಳಿಯಿತು" ಅಂದಳು.

ವಾಚಕರೇ, ವಿನೋದವು ವಿನೋದವಲ್ಲದ್ದಾಗುವ ಸ್ಥಳ ಇದೇ. ಎಲೆ ಬದಲಾಗಲಿಲ್ಲ, ಅದನ್ನು ಹಿಡಿದವಳ ಉದ್ದೇಶವೂ ಬದಲಾಗಲಿಲ್ಲ. ಕೇಳುವವಳ ಅಗತ್ಯವು ಬದಲಾಯಿತು. ಹಸಿದವನ ಮುಂದೆ ಆಟದ ರೊಟ್ಟಿಯನ್ನು ಇಡುವದು ಆಟವೆನಿಸುವದಿಲ್ಲ. ನಮಗೆ ತಿಳಿಯದ್ದನ್ನು ತಿಳಿದವರಂತೆ ದುಃಖಿತರಿಗೆ ಹೇಳುವದು, ಎಷ್ಟೇ ದಯೆಯಿಂದ ಹೇಳಿದರೂ, ಅವರ ಕೈಯಿಂದ ಮಾಡತಕ್ಕ ಕೆಲಸವನ್ನು ಕಸಕೊಳ್ಳುವದಾಗಿದೆ.

ಇದನ್ನು ಓದಿ, ನಾವು ಟಾರೋ ಮುಟ್ಟುವವರಲ್ಲವಲ್ಲಾ ಎಂದು ಯಾರಾದರೂ ಸಮಾಧಾನಪಟ್ಟುಕೊಂಡರೆ, ಅವರಿಗೂ ಒಂದು ಪ್ರಶ್ನೆಯುಂಟು. ಮಗಳ ಸಂಬಂಧವನ್ನು ನಿಶ್ಚಯಿಸುವಾಗಲೂ, ಎತ್ತು ಕೊಳ್ಳುವಾಗಲೂ, ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳು ಬಿದ್ದ ವಚನವನ್ನೇ ಉತ್ತರವೆಂದು ಹಿಡಿಯುವವರು ನಮ್ಮಲ್ಲಿ ಇಲ್ಲವೋ? ಪುಸ್ತಕವು ಪರಿಶುದ್ಧವಾದ ಮಾತ್ರಕ್ಕೆ ಆ ಕೆಲಸವು ಬೇರೆಯಾಗುವದೋ? ಭಕ್ತರಾದವರೂ ಇದರಲ್ಲಿ ಎಡವಿದ್ದಾರೆ. ಮೊರೇವಿಯ ಸಹೋದರರು ಒಂದು ಕಾಲದಲ್ಲಿ ತಮ್ಮ ವಿವಾಹಗಳನ್ನು ಸಹ ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ೧೮೧೮ರಲ್ಲಿ ಸಾಮಾನ್ಯ ಸಭಿಕರ ವಿಷಯದಲ್ಲಿ ಆ ಕಟ್ಟಳೆಯನ್ನು ಬಿಟ್ಟರು. ಅವರಿಂದ ಇದನ್ನು ಕಲಿತ ಜಾನ್ ವೆಸ್ಲಿಯವರು ೧೭೩೭ರ ಮಾರ್ಚಿಯಲ್ಲಿ ಅಮೇರಿಕದ ಜಾರ್ಜಿಯ ಸೀಮೆಯಲ್ಲಿ ಸೋಫಿಯ ಹಾಪ್ಕಿ ಎಂಬವಳನ್ನು ಮದುವೆಯಾಗಬೇಕೋ ಬೇಡವೋ ಎಂದು ಮೂರು ಚೀಟಿಗಳನ್ನು ಬರೆದು ಎತ್ತಿಸಿದರು. ಆ ಯೋಚನೆಯನ್ನೇ ಬಿಟ್ಟುಬಿಡಬೇಕೆಂಬ ಚೀಟಿ ಬಂತು. ಕೆಲವೇ ದಿವಸಗಳಲ್ಲಿ ಅವಳು ಬೇರೊಬ್ಬನನ್ನು ವಿವಾಹವಾದಳು. ಚೀಟಿಯು ಉತ್ತರ ಕೊಟ್ಟಿತು, ಸಮಾಧಾನ ಕೊಡಲಿಲ್ಲ. ಅದೇ ವರುಷ ಅವರು ಅವಳಿಗೆ ಕರ್ತನ ಭೋಜನವನ್ನು ಕೊಡದೆ ಹೋದರು. ಸಂಗತಿಯು ನ್ಯಾಯಸ್ಥಾನಕ್ಕೆ ಹತ್ತಿತು. ದಶಂಬರದಲ್ಲಿ ಅವರು ಆ ಸೀಮೆಯನ್ನೇ ಬಿಟ್ಟು ಹೊರಟರು. ತನ್ನ ಹೃದಯದೊಡನೆ ಮಾಡಬೇಕಾದ ವ್ಯವಹಾರವನ್ನು ಕಾಗದದ ಚೂರಿಗೆ ಒಪ್ಪಿಸಿದರೆ ಅದು ತೀರುವದಿಲ್ಲ. ಬೇರೆ ಬಾಗಿಲಿನಿಂದ ತಿರಿಗಿ ಬರುವದು.

ಅಪೊಸ್ತಲರೂ ಚೀಟು ಹಾಕಲಿಲ್ಲವೋ ಎಂದು ಕೇಳಬಹುದು. ಹಾಕಿದರು, ಮತ್ತೀಯನನ್ನು ಆರಿಸುವಾಗ. ಆದರೆ ಮೊದಲು ತಾವೇ ವಿಚಾರಿಸಿ ಯೋಗ್ಯರಾದ ಇಬ್ಬರನ್ನು ನಿಲ್ಲಿಸಿದರು. ಅಣ್ಣತಮ್ಮಂದಿರು ಹೊಲವನ್ನು ಸಮನಾಗಿ ಹಂಚಿ, ಯಾವ ಪಾಲು ಯಾರಿಗೆಂದು ಚೀಟಿ ಎತ್ತುವದೂ ಇಂಥದ್ದೇ. ಅದರಿಂದ ಪಕ್ಷಪಾತವು ತಪ್ಪುವದು. ಹೊಲವನ್ನು ಅಳೆಯದೆ ಚೀಟಿ ಎತ್ತುವವನು ಮಾತ್ರ ಮೂಢನು. ಆ ಮೇಲೆ ಯೆರೂಸಲೇಮಿನಲ್ಲಿ ಸಭೆಯನ್ನು ಒಡೆಯುವಷ್ಟು ದೊಡ್ಡ ವಿವಾದ ಎದ್ದಾಗ ಅಪೊಸ್ತಲರು ಚೀಟು ಹಾಕಲಿಲ್ಲ. ಕೂತು ಬಹಳವಾಗಿ ತರ್ಕಿಸಿ, ಒಬ್ಬರ ಮಾತನ್ನೊಬ್ಬರು ಕೇಳಿ ತೀರ್ಮಾನಿಸಿದರು.

ಆದದರಿಂದ ಈ ಎಲೆಗಳನ್ನು ವಿನೋದಕ್ಕಾಗಿ ಹಿಡಿಯಬೇಕೆಂದಿರುವ ಯೌವನಸ್ಥರಿಗೆ ನನ್ನ ಬುದ್ಧಿಮಾತು ಇಷ್ಟೇ. ಆಟ ಬೇಕಾದರೆ ಅದರ ಹಳೇ ಆಟವನ್ನು ಕಲಿತು, ಪಣವಿಲ್ಲದೆ ಆಡಿರಿ. ಚಿತ್ರ ಬೇಕಾದರೆ ಚಿತ್ರವನ್ನು ನೋಡಿರಿ. ಅದನ್ನು ಬರೆದವಳು ೧೯೫೧ರಲ್ಲಿ ಬಡತನದಲ್ಲಿ ತೀರಿಹೋದಳೆಂಬದನ್ನೂ ನೆನಸಿರಿ. ಮನಸ್ಸನ್ನು ಪರೀಕ್ಷಿಸಬೇಕಾದರೆ ಪರೀಕ್ಷಿಸಿರಿ. ಆದರೆ ಮಾತಾಡುವದು ಎಲೆಯಲ್ಲ, ನೀವೇ ಎಂದು ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದಿಡಿರಿ. ನಾಳೆಯ ದಿನವನ್ನು ಅದರಿಂದ ಕೇಳಬೇಡಿರಿ. ಬೇರೊಬ್ಬರಿಗೋಸ್ಕರ, ಮುಖ್ಯವಾಗಿ ಅಳುವವರಿಗೋಸ್ಕರ, ಎಂದಿಗೂ ಎಲೆ ತೆಗೆಯಬೇಡಿರಿ. ಎಲೆ ತೆಗೆಯದೆ ಮನೆಯಿಂದ ಹೊರಡಲಾರೆನೆಂಬ ದಿನ ಬಂದರೆ ಆ ಕಟ್ಟನ್ನು ಬಿಟ್ಟುಬಿಡಿರಿ. ಆ ದಿನ ಅದು ನಿಮ್ಮ ಕೈಯಲ್ಲಿರುವದಿಲ್ಲ, ನೀವೇ ಅದರ ಕೈಯಲ್ಲಿರುವಿರಿ.

ಹುಡುಗಿಯು ಎರಡು ರಾತ್ರಿ ನಿದ್ರೆ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಾನಾಗಿಯೇ ನೆರೆಮನೆಗೆ ಹೋಗಿ, "ಅಮ್ಮಾ, ನನಗೆ ಏನೂ ತಿಳಿಯದು. ಎಲೆಗೂ ತಿಳಿಯದು. ನಾನು ಸುಳ್ಳು ಹೇಳಿದೆ" ಅಂದಳು. ಆ ತಾಯಿಯು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಎದ್ದು, ಪೆಟ್ಟಿಗೆಯಿಂದ ಮಗನ ಭಾವಚಿತ್ರವನ್ನು ತೆಗೆದುಕೊಂಡು, "ನೀನೂ ಸಂಗಡ ಬರುತ್ತೀಯಾ?" ಎಂದು ಕೇಳಿದಳು. ಇಬ್ಬರೂ ಠಾಣೆಗೆ ಹೋಗಿ ಸಂಜೆಗೆ ತಿರಿಗಿ ಬಂದರು.

ಆ ಮಗನ ಸುದ್ದಿ ಇನ್ನೂ ಬಂದಿಲ್ಲ. ಹುಡುಗಿಯು ಈಗ ಪ್ರತಿ ಭಾನುವಾರ ಸಾಯಂಕಾಲ ಬೆಂಗಳೂರಿನಿಂದ ಅವಳಿಗೆ ಫೋನು ಮಾಡಿ ಮಾತಾಡುತ್ತಾಳೆ. ಹೇಳುವದಕ್ಕೆ ಹೊಸ ಸಂಗತಿಯೇನೂ ಇರುವದಿಲ್ಲ. ಆದರೂ ಆ ತಾಯಿಯು ಸಂಜೆಯಾಗುವ ಮೊದಲೇ ಫೋನನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಿರುವದನ್ನು ನಾನು ಕಾಣುತ್ತೇನೆ.