ತುಕ್ಕು ಯಾರದು?

ಮಲೆನಾಡಿನ ಮನೆ ನಮ್ಮದು. ಮಳೆಗಾಲ ಮುಗಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಎರಡು ಬಗೆಯ ತುಕ್ಕು ಸೇರಿರುತ್ತದೆ. ಆಯುಧಪೂಜೆಗೆ ಮುಂಚೆ ಎರಡನ್ನೂ ತೆಗೆಯಬೇಕು.

ಒಂದು, ಸ್ಟೀಲ್ ತಟ್ಟೆಯ ಮೇಲಿನದು. ತಗಡಿನ ಡಬ್ಬಿಯನ್ನು ಒದ್ದೆಯಾಗಿ ಇಟ್ಟಲ್ಲಿ ಮೂಡಿದ ದುಂಡನೆಯ ಕಂದು ಕಲೆ. ಹುಣಸೆಹುಳಿ ಸವರಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಗುರುತೂ ಉಳಿಯುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಡಿಮೆಯೆಂದರೂ ಶೇಕಡ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಕಣ್ಣಿಗೆ ಕಾಣದ ಪದರ ಕಟ್ಟಿ ಲೋಹವನ್ನು ಕಾಯುತ್ತದೆ. ಕಲೆ ತಟ್ಟೆಯದಲ್ಲ, ಡಬ್ಬಿಯದು.

ಇನ್ನೊಂದು, ಹಬ್ಬಕ್ಕಷ್ಟೇ ಅಟ್ಟದಿಂದ ಇಳಿಸುವ ದೊಡ್ಡ ಕಾವಲಿಯದು. ಹುಣಸೆ, ಕಲ್ಲುಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದಷ್ಟೂ ಕೆಂಪು ನೀರು ಇಳಿಯುತ್ತದೆ. ಅದು ಹೊರಗಿನ ಕೊಳೆಯಲ್ಲ. ನೀರು, ಗಾಳಿ ತಾಗಿ ಹಾಗಾದ ಕಾವಲಿಯೇ. ತೊಳೆದ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಕುಳಿಗಳು ಸಿಗುತ್ತವೆ. ಹೋದ ಕಬ್ಬಿಣ ಹೋಯಿತು.

ಮನುಷ್ಯನ ದೋಷ ಇವೆರಡರಲ್ಲಿ ಯಾವುದರ ಹಾಗೆ? ಬೌದ್ಧ ಗ್ರಂಥಗಳಲ್ಲಿ ಎರಡೂ ಮಾತಿದೆ. ಅಂಗುತ್ತರ ನಿಕಾಯದ ಪ್ರಕಾರ ಚಿತ್ತ ಬೆಳಕಿನದು, ಕ್ಲೇಶಗಳು ಹೊರಗಿನಿಂದ ಬಂದು ಸೇರಿದವು. ಧಮ್ಮಪದದ 240ನೆಯ ಗಾಥೆಯ ಪ್ರಕಾರ, ಕಬ್ಬಿಣದಲ್ಲೇ ಹುಟ್ಟಿದ ತುಕ್ಕು ಕಬ್ಬಿಣವನ್ನೇ ತಿನ್ನುತ್ತದೆ. ತಪ್ಪಿ ನಡೆದವನನ್ನು ಅವನ ಕರ್ಮವೇ ದುರ್ಗತಿಗೆ ಎಳೆಯುತ್ತದೆ.

ಮೊದಲನೆಯ ಮಾತಿನಲ್ಲಿ ಸಮಾಧಾನವಿದೆ. ಆದರೂ ನನ್ನ ಮನಸ್ಸು ಒಪ್ಪುವುದು ಎರಡನೆಯದನ್ನು. ಮಗನ ಲೆಕ್ಕದ ಪುಸ್ತಕ ನೋಡುವಾಗ ನನಗೆ ಬರುವ ಸಿಟ್ಟು ಎಲ್ಲಿಂದಲೋ ಬಂದು ಕೂತದ್ದಲ್ಲ. ಅವನು ಚೆನ್ನಾಗಿರಲಿ ಎಂಬ ಆಸೆಯೇ ಕೆಟ್ಟು ಸಿಟ್ಟಾದದ್ದು. ಅದನ್ನು ಕಿತ್ತರೆ ಆ ಆಸೆಯದೂ ಒಂದಿಷ್ಟು ಕಿತ್ತು ಬರುತ್ತದೆ. ಪಶ್ಚಾತ್ತಾಪ ನೋಯುವುದು ಅದಕ್ಕೇ. ನೋಯದ ಪಶ್ಚಾತ್ತಾಪವನ್ನು ನಾನು ನಂಬುವುದಿಲ್ಲ.

ಇನ್ನೊಂದು ಸಂಗತಿ. ಹೊಳೆಯುವ ಹಾಗೆ ತಿಕ್ಕಿದ ಕಾವಲಿಗೇ ಬೇಗ ತುಕ್ಕು ಹತ್ತುವುದು. ಒರೆಸಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪು. ಕೂಡಲೇ ಒಲೆಯ ಮೇಲೆ ಕಾಯಿಸಿ, ಈರುಳ್ಳಿ ಹೋಳಿನಲ್ಲಿ ಎಣ್ಣೆ ಸವರಬೇಕು. ಎಣ್ಣೆ ಗಟ್ಟಿಯಾಗಿ ಕಪ್ಪಗೆ ಕೂರುವವರೆಗೆ ಮತ್ತೆ ಮತ್ತೆ ಸವರಬೇಕು. ಪಕ್ಕದಲ್ಲೇ ಇರುವ, ದಿನಾ ದೋಸೆ ಹೊಯ್ಯುವ ಚಿಕ್ಕ ಕಾವಲಿಗೆ ಈ ಉಪಚಾರ ಬೇಕಾಗುವುದೇ ಇಲ್ಲ.

ವ್ರತ, ಉಪವಾಸ ಮಾಡಿ ಮನಸ್ಸನ್ನು ಬರಿದು ಮಾಡಿಕೊಂಡರೆ ಸಾಕು ಎನ್ನುವವರನ್ನು ನಾನು ಕೇಳುವುದಿಷ್ಟೇ: ಪಾರಣೆ ಆದ ಮೇಲೆ ಆ ಮನಸ್ಸನ್ನು ಯಾವ ಕೆಲಸಕ್ಕೆ ಹಚ್ಚುತ್ತೀರಿ? ನನ್ನ ಮಟ್ಟಿಗೆ ಆ ಕೆಲಸವೆಂದರೆ, ಸಿಟ್ಟು ಇಳಿದ ಸಂಜೆಯೇ ಮತ್ತೆ ಮಗನ ಪಕ್ಕ ಕೂತು ಅದೇ ಲೆಕ್ಕ ಹೇಳಿಕೊಡುವುದು.