ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ

1962ರ ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನಲ್ಲಿ ಫ್ರಾಂಕ್ ಶಾಲೆನ್‌ಬರ್ಗರ್ ಎಂಬ ಮೇಷ್ಟ್ರು ಸಣ್ಣ ಉದ್ಯಮಗಳ ಕುರಿತು ಪಾಠ ಮಾಡುತ್ತಿದ್ದರು. ಹೊಸ ಉದ್ಯಮವೊಂದನ್ನು ಕಲ್ಪಿಸಿಕೊಂಡು ಅದರ ಬಗ್ಗೆ ಬರೆದು ತನ್ನಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳಿದ್ದರು. ಫಿಲ್ ನೈಟ್ ಎಂಬ ಹುಡುಗ ತನಗೆ ಚೆನ್ನಾಗಿ ಗೊತ್ತಿದ್ದ ವಸ್ತುವನ್ನೇ ಆರಿಸಿಕೊಂಡ: ಓಟದ ಶೂ. ಓರೆಗಾನ್ ವಿಶ್ವವಿದ್ಯಾಲಯದಲ್ಲಿ ಆತ ಬಿಲ್ ಬೋವರ್‌ಮನ್ ಎಂಬ ಕೋಚ್ ಕೈಕೆಳಗೆ ಪಳಗಿದ ಓಟಗಾರ. ಅಲ್ಲಿ ಓದಿದ್ದು ಪತ್ರಿಕೋದ್ಯಮ. ಜಪಾನಿನ ಕ್ಯಾಮೆರಾಗಳು ಜರ್ಮನ್ ಕ್ಯಾಮೆರಾಗಳನ್ನು ಮಾರುಕಟ್ಟೆಯಿಂದ ಹಿಂದೆ ಸರಿಸಿದ ಹಾಗೆ ಜಪಾನಿನ ಶೂಗಳು ಜರ್ಮನಿಯ ಶೂಗಳನ್ನು ಸರಿಸಬಲ್ಲವೇ ಎಂಬುದು ಆತನ ಪ್ರಬಂಧದ ವಿಷಯ. ಜಪಾನಿನಲ್ಲಿ ಕೂಲಿ ಕಡಿಮೆ, ಕೆಲಸ ಅಚ್ಚುಕಟ್ಟು, ಹಾಗಾಗಿ ಒಳ್ಳೆಯ ಶೂ ಅಗ್ಗಕ್ಕೆ ಸಿಕ್ಕೀತು. ವಾದದ ತಿರುಳು ಇಷ್ಟೇ.

ಆತ ವಾರಗಟ್ಟಲೆ ಗ್ರಂಥಾಲಯದಲ್ಲಿ ಕೂತು ಬರೆದ. ತರಗತಿಯ ಮುಂದೆ ನಿಂತು ಉತ್ಸಾಹದಿಂದ ಮಂಡಿಸಿದ. ಸಹಪಾಠಿಗಳು ಆಕಳಿಸುವ ಮುಖ ಮಾಡಿಕೊಂಡು ಕೂತಿದ್ದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ ಎಂದು ಆತನೇ ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮೇಷ್ಟ್ರು ಮಾತ್ರ ಮೆಚ್ಚಿ ‘ಎ’ ಶ್ರೇಣಿ ಕೊಟ್ಟರು.

ಆ ಪ್ರಬಂಧ ಬೆಳೆದು ನೈಕಿ ಕಂಪನಿಯಾಯಿತು ಎಂಬುದು ಲೋಕಕ್ಕೆ ಗೊತ್ತಿರುವ ಕಥೆ. ಬಿಸಿನೆಸ್ ಓದುವ ಹುಡುಗ ಹುಡುಗಿಯರಿಗೆ ಅದನ್ನು ಸ್ಫೂರ್ತಿಯ ಕಥೆಯಾಗಿ ಹೇಳುವುದೂ ಉಂಟು. ಆದರೆ ಅದರೊಳಗೆ ಹಳೆಯದೊಂದು ಪ್ರಶ್ನೆ ಕೂತಿದೆ. ಅಂಗಡಿಯಿಲ್ಲದ, ಬಂಡವಾಳವಿಲ್ಲದ, ಒಬ್ಬ ಆಳಿಗೂ ಸಂಬಳ ಕೊಟ್ಟು ಗೊತ್ತಿಲ್ಲದ ವಿದ್ಯಾರ್ಥಿ ವ್ಯಾಪಾರದ ಬಗ್ಗೆ ಬರೆದಾಗ, ಆ ಮಾತಿಗೆ ಆತ ಎಷ್ಟರಮಟ್ಟಿಗೆ ಬಾಧ್ಯ? ಮಾಡದವನ ಮಾತು ಬರೀ ಮಾತೋ, ಅದೂ ಒಂದು ಮಾಡುವಿಕೆಯೋ?

ಕನ್ನಡದ ಓದುಗರು ಈ ಪ್ರಶ್ನೆಯನ್ನು ನುಡಿ-ನಡೆ ಎಂಬ ಜೋಡಿಪದದಲ್ಲಿ ಬಲ್ಲರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮಾತನ್ನು ಅಳೆದದ್ದು ಈ ಕೋಲಿನಿಂದಲೇ. ಅಲ್ಲಿ ಅನುಭವದ ಮಾತಾಡಿದವರಲ್ಲಿ ಬಟ್ಟೆ ಒಗೆಯುವವರಿದ್ದರು, ದೋಣಿ ನಡೆಸುವವರಿದ್ದರು, ಹಗ್ಗ ಹೊಸೆಯುವವರಿದ್ದರು. ಅವರ ಹೆಸರಿನ ಜೊತೆಗೇ ಅವರ ಕಾಯಕ ಅಂಟಿಕೊಂಡಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಮ್ಮೆ ಆತ ಶರಣರ ಗೋಷ್ಠಿಯಲ್ಲಿ ಮೈಮರೆತು ಕೂತಾಗ, ಕಾಯಕದ ಹೊತ್ತು ಮೀರುತ್ತಿದೆ ಎಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಇನ್ನೊಮ್ಮೆ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದವಳೂ ಅವಳೇ.

ಲಕ್ಕಮ್ಮ ಮಾಡಿದ್ದು ಸಣ್ಣ ಕೆಲಸವೆನಿಸಬಹುದು. ಆಕೆ ಅಕ್ಕಿಯ ರಾಶಿ ನೋಡಿದಳು, ಎಷ್ಟು ಬೇಕು ಎಂದು ಲೆಕ್ಕ ಹಾಕಿದಳು, ಉಳಿದದ್ದು ಎಲ್ಲಿಂದ ಬಂತು ಎಂದು ಕೇಳಿದಳು. ಕದ್ದು ತಂದ ಅಕ್ಕಿಯಲ್ಲ ಅದು. ಯಾವ ಕಾನೂನೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆದರೂ ಮನೆಗೆ ಬಂದ ಹೆಚ್ಚಳಕ್ಕೆ ವಿವರಣೆ ಬೇಕು ಎಂದು ಹಟ ಹಿಡಿದಳು. ಸ್ಟ್ಯಾನ್‌ಫರ್ಡಿನ ತರಗತಿಯಲ್ಲಿ ಏಳದೇ ಹೋದದ್ದು ಈ ಪ್ರಶ್ನೆಯೇ. ಶೂ ಅಗ್ಗವಾಗುವುದು ಕೂಲಿ ಕಡಿಮೆ ಇರುವುದರಿಂದ ಎಂದಾದರೆ, ಆ ಕಡಿಮೆ ಕೂಲಿಯಲ್ಲಿ ಬದುಕುವವರು ಯಾರು, ಅವರ ದಿನ ಹೇಗೆ ಕಳೆಯುತ್ತದೆ?

ಆ ಹುಡುಗ ಕೆಟ್ಟವನಾಗಿದ್ದ ಎಂದಲ್ಲ. ಪದವಿ ಮುಗಿಸಿ ಲೋಕ ಸುತ್ತಲು ಹೊರಟವನು ಭೂಮಿಯ ಮೇಲಿನ ಪವಿತ್ರ ಜಾಗಗಳನ್ನೆಲ್ಲ ಕಣ್ಣಾರೆ ನೋಡಬೇಕೆಂಬ ಹಂಬಲ ಹೊತ್ತಿದ್ದ. ಅದೇ ಪ್ರವಾಸದಲ್ಲಿ, 1962ರ ಕೊನೆಗೆ, ಕೋಬೆ ನಗರದ ಒನಿತ್ಸುಕ ಶೂ ಕಂಪನಿಯ ಬಾಗಿಲು ತಟ್ಟಿದ. ಯುದ್ಧದಲ್ಲಿ ಸುಟ್ಟುಹೋಗಿದ್ದ ಊರಿನ ಮಕ್ಕಳಿಗೆ ಆಟದ ಮೂಲಕ ಚೇತನ ತುಂಬಬೇಕೆಂದು ಕಿಹಾಚಿರೊ ಒನಿತ್ಸುಕ 1949ರಲ್ಲಿ ಶುರು ಮಾಡಿದ ಕಂಪನಿ ಅದು. ನೀವು ಯಾವ ಸಂಸ್ಥೆಯವರು ಎಂದು ಅವರು ಕೇಳಿದಾಗ, ಬ್ಲೂ ರಿಬ್ಬನ್ ಸ್ಪೋರ್ಟ್ಸ್ ಎಂದುಬಿಟ್ಟ. ಅಂಥ ಸಂಸ್ಥೆಯೇ ಇರಲಿಲ್ಲ. ನುಡಿ ಮುಂದೆ ಹೋಗಿತ್ತು, ನಡೆ ಹಿಂದಿನಿಂದ ಬರಬೇಕಿತ್ತು. ಬಂತು ಕೂಡ: 1964ರ ಜನವರಿಯಲ್ಲಿ ನೈಟ್ ಮತ್ತು ಬೋವರ್‌ಮನ್ ತಲಾ 500 ಡಾಲರ್ ಹಾಕಿ ಆ ಹೆಸರಿನಲ್ಲೇ ಪಾಲುದಾರಿಕೆ ಶುರು ಮಾಡಿದರು. 1971ರಲ್ಲಿ ನೈಕಿ ಎಂಬ ಹೆಸರು ಬಂತು. ಅದು ಗ್ರೀಕರ ವಿಜಯದೇವತೆಯ ಹೆಸರು.

ಜಪಾನಿನಲ್ಲಿ ಕೂಲಿ ಏರಿತು. ಕೆಲಸ ದಕ್ಷಿಣ ಕೊರಿಯಾಕ್ಕೂ ತೈವಾನಿಗೂ ಹೋಯಿತು. ಅಲ್ಲೂ ಏರಿದಾಗ ಇಂಡೊನೇಷ್ಯಾ, ಚೀನಾ, ವಿಯೆಟ್ನಾಂ. ಪ್ರಬಂಧದ ಒಂದು ಸಾಲಿನ ತರ್ಕ ದೇಶದಿಂದ ದೇಶಕ್ಕೆ ನಡೆದುಕೊಂಡು ಹೋಯಿತು.

ದೂರದವರ ನೋವು ನಮಗೆ ಯಾಕೆ ತಟ್ಟುವುದಿಲ್ಲ ಎಂದು ಕೇಳಿದವರಲ್ಲಿ ಅರ್ಥಶಾಸ್ತ್ರದ ಪಿತಾಮಹ ಎನ್ನಿಸಿಕೊಂಡ ಆ್ಯಡಂ ಸ್ಮಿತ್ ಕೂಡ ಒಬ್ಬ. ಗ್ಲಾಸ್ಗೊದಲ್ಲಿ ಆತ ಕಲಿಸುತ್ತಿದ್ದದ್ದು ನೀತಿಶಾಸ್ತ್ರ. ರಾಷ್ಟ್ರಗಳ ಸಂಪತ್ತಿನ ಕುರಿತ ಪುಸ್ತಕ ಬಂದದ್ದು 1776ರಲ್ಲಿ. ಅದಕ್ಕೆ ಮೊದಲೇ, 1759ರಲ್ಲಿ, ನೈತಿಕ ಭಾವನೆಗಳ ಕುರಿತ ಪುಸ್ತಕ ಬಂದಿತ್ತು. ಅದರಲ್ಲಿ ಒಂದು ಊಹೆ ಇದೆ. ಚೀನಾ ದೇಶವನ್ನೇ ಭೂಕಂಪ ನುಂಗಿಹಾಕಿತು ಎಂದು ಕೇಳಿದ ಯುರೋಪಿನ ಸಜ್ಜನ ನಾಲ್ಕು ಮಾತು ಮರುಗಿ ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಾನೆ. ಆದರೆ ನಾಳೆ ತನ್ನ ಕಿರುಬೆರಳು ಹೋಗುತ್ತದೆ ಎಂದು ಗೊತ್ತಾದರೆ ಅವನಿಗೆ ನಿದ್ದೆಯೇ ಬರುವುದಿಲ್ಲ. ಸ್ಮಿತ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಹಾಗಾದರೆ ಬೆರಳು ಉಳಿಸಿಕೊಳ್ಳಲು ಅಷ್ಟೂ ಜನರನ್ನು ಬಲಿಕೊಡಲು ಅವನು ಒಪ್ಪುತ್ತಾನೆಯೇ ಎಂದು ಕೇಳುತ್ತಾನೆ. ಒಪ್ಪುವುದಿಲ್ಲ, ಎದೆಯೊಳಗೆ ಕೂತ ನಿಷ್ಪಕ್ಷಪಾತಿ ಸಾಕ್ಷಿ ತಡೆಯುತ್ತಾನೆ ಎಂಬುದು ಆತನ ಉತ್ತರ.

ಆ ಸಾಕ್ಷಿ ಎಚ್ಚರಗೊಳ್ಳಬೇಕಾದರೆ ದೂರದಲ್ಲಿರುವವರು ಕಣ್ಣೆದುರು ಬರಬೇಕು. 1992ರ ಆಗಸ್ಟಿನಲ್ಲಿ ಜೆಫ್ ಬ್ಯಾಲಿಂಜರ್ ಎಂಬ ಕಾರ್ಮಿಕ ಕಾರ್ಯಕರ್ತ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಮಾಡಿದ್ದು ಅದನ್ನೇ. ನೈಕಿಗಾಗಿ ಶೂ ಹೊಲಿಯುತ್ತಿದ್ದ ಇಂಡೊನೇಷ್ಯಾದ ಹೆಣ್ಣುಮಗಳೊಬ್ಬಳ ಸಂಬಳದ ಚೀಟಿಯನ್ನು ಹಾಗೇ ಅಚ್ಚು ಹಾಕಿಸಿ, ಅದರ ಒಂದೊಂದು ಅಂಕಿಯನ್ನೂ ಬಿಡಿಸಿ ಹೇಳಿದ. ಗಂಟೆಗೆ ಸುಮಾರು 14 ಸೆಂಟ್. ಮೂವತ್ತು ವರ್ಷ ಹಿಂದೆ ‘ಕಡಿಮೆ ಕೂಲಿ’ ಎಂಬ ಎರಡು ಪದಗಳೊಳಗೆ ಅಡಗಿದ್ದವಳು ಚೀಟಿ ಹಿಡಿದು ಓದುಗರ ಮುಂದೆ ಬಂದು ನಿಂತಳು. 1996ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ನೈಕಿಯ ಫುಟ್‌ಬಾಲ್ ಹೊಲಿಯುತ್ತಿದ್ದ ಪಾಕಿಸ್ತಾನದ ಬಾಲಕನ ಚಿತ್ರ ಬಂತು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳು ಬೀದಿಗಿಳಿದರು. 1998ರ ಮೇ ತಿಂಗಳಲ್ಲಿ ಫಿಲ್ ನೈಟ್ ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಮುಂದೆ ನಿಂತು, ತಮ್ಮ ಕಂಪನಿಯ ಹೆಸರು ಅತಿ ಕಡಿಮೆ ಕೂಲಿಗೂ ಒತ್ತಾಯದ ದುಡಿಮೆಗೂ ಪರ್ಯಾಯ ಪದವಾಗಿದೆ ಎಂದು ಒಪ್ಪಿಕೊಂಡರು. ಶೂ ಕಾರ್ಖಾನೆಗಳಲ್ಲಿ ಕನಿಷ್ಠ ವಯಸ್ಸು 18ಕ್ಕೆ ಏರುತ್ತದೆ, ಒಳಗಿನ ಗಾಳಿ ಅಮೆರಿಕದ ಅಳತೆಗೆ ತಕ್ಕಂತೆ ಇರುತ್ತದೆ ಎಂದು ಘೋಷಿಸಿದರು.

ಆ ತರಗತಿಯಲ್ಲಿ ಏಳದ ಪ್ರಶ್ನೆ 36 ವರ್ಷಗಳ ಮೇಲೆ ಬಂದು ಉತ್ತರ ಪಡೆಯಿತು. ಅಷ್ಟರಲ್ಲಿ ಎಷ್ಟೋ ಹೆಣ್ಣುಮಕ್ಕಳ ಯೌವನ ಆ ಹೊಲಿಗೆಯಲ್ಲೇ ಕಳೆದುಹೋಗಿತ್ತು.

ಈ ಕಥೆಯಲ್ಲಿ ಇನ್ನೊಬ್ಬ ವಿದ್ಯಾರ್ಥಿ ಬರುತ್ತಾನೆ. 2001ರ ಆರಂಭ. ಎಂಐಟಿಯಲ್ಲಿ ಓದುತ್ತಿದ್ದ ಜೋನಾ ಪೆರೆಟ್ಟಿ, ಗಿರಾಕಿ ಹೇಳಿದ ಪದವನ್ನು ಶೂ ಮೇಲೆ ಹೊಲಿದುಕೊಡುವ ನೈಕಿಯ ಹೊಸ ಸೇವೆಗೆ ಹಣ ಕಟ್ಟಿ, ‘ಸ್ವೆಟ್‌ಶಾಪ್’ ಎಂಬ ಪದ ಬೇಕು ಎಂದ. ಕೂಲಿಯಾಳುಗಳ ಬೆವರು ಹಿಂಡುವ ಕಾರ್ಖಾನೆ ಎಂದು ಅದರ ಅರ್ಥ. ಅದು ಒರಟು ಭಾಷೆ, ಆಗುವುದಿಲ್ಲ ಎಂದು ಕಂಪನಿ ಬರೆಯಿತು. ನಿಘಂಟಿನಲ್ಲಿರುವ ಪದವೇ ಅಲ್ಲವೇ ಎಂದು ಆತ ಮರು ಬರೆದ. ಹೀಗೆ ಪತ್ರಗಳು ಹೋಗಿ ಬಂದವು. ಹಾಗಾದರೆ ತನ್ನ ಶೂ ಮಾಡುವ ವಿಯೆಟ್ನಾಮಿನ ಹುಡುಗಿಯ ಫೋಟೊ ಆದರೂ ಕಳಿಸಿ ಎಂದು ಕೊನೆಗೆ ಕೇಳಿದ. ಗೆಳೆಯರಿಗೆ ತೋರಿಸಿದ ಆ ಪತ್ರಗಳು ಕೈಯಿಂದ ಕೈಗೆ ದಾಟಿ ಲೋಕವನ್ನೆಲ್ಲ ಸುತ್ತಿದವು. ಟಿವಿಯಲ್ಲೂ ಚರ್ಚೆ ನಡೆಯಿತು.

ಆತನ ಕೈಯಲ್ಲೂ ಅಂಗಡಿ ಇರಲಿಲ್ಲ, ಬಂಡವಾಳ ಇರಲಿಲ್ಲ. ಹಾಗಿದ್ದೂ ಆ ಮಾತು ಬರೀ ಮಾತಾಗಿ ಉಳಿಯಲಿಲ್ಲ. ವ್ಯಾಪಾರದ ಬಗ್ಗೆ ಬರೆಯುವ ವಿದ್ಯಾರ್ಥಿಗೆ ನಡೆಯೇ ಇಲ್ಲ ಎನ್ನುವುದು ಇದರಿಂದಲೇ ಸರಿಯಲ್ಲ. ಮಾಲೀಕ ಕೇಳಿದರೆ ಲಾಭ ಕೈತಪ್ಪೀತು, ಕೆಲಸಗಾರ ಕೇಳಿದರೆ ಕೆಲಸ ಹೋದೀತು, ಗಿರಾಕಿಗೆ ಬೆಲೆ ಏರೀತು ಎಂಬ ಅಂಜಿಕೆ. ಈ ಸರಪಳಿಯಲ್ಲಿ ಕಳೆದುಕೊಳ್ಳಲು ಏನೂ ಇಲ್ಲದೆ ಕೇಳಬಲ್ಲವನು ಕಲಿಯುವವನೊಬ್ಬನೇ. ಕೇಳುವುದೇ ಆತನ ಕಾಯಕ. ಅದನ್ನು ಬಿಟ್ಟರೆ, ಎಷ್ಟು ಚೆಂದ ಬರೆದರೂ, ಹೊತ್ತು ಮೀರಿದ್ದು ತಿಳಿಯದೆ ಗೋಷ್ಠಿಯಲ್ಲಿ ಕೂತ ಮಾರಯ್ಯನ ಸ್ಥಿತಿ ಆತನದು.

ಮಾತು ಮತ್ತು ಮಾಡುವಿಕೆಯ ನಡುವಿನ ಗೆರೆ ಎಲ್ಲಿದೆ ಎಂಬುದು ನ್ಯಾಯಾಲಯವನ್ನೂ ಏರಿತು. ತನ್ನ ಕಾರ್ಖಾನೆಗಳ ಸ್ಥಿತಿಯನ್ನು ಸಮರ್ಥಿಸಿಕೊಂಡು ನೈಕಿ ಕೊಟ್ಟ ಹೇಳಿಕೆಗಳು ಸುಳ್ಳು ಎಂದು ಮಾರ್ಕ್ ಕ್ಯಾಸ್ಕಿ ಎಂಬವರು 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಅವು ಸಾರ್ವಜನಿಕ ಚರ್ಚೆಯ ಮಾತುಗಳು, ಅವಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷೆಯಿದೆ ಎಂದು ಕಂಪನಿ ವಾದಿಸಿತು. ಅಲ್ಲ, ಅವು ವ್ಯಾಪಾರದ ಮಾತುಗಳು, ಮಾರುವ ಸರಕಿನ ಹಾಗೆಯೇ ಅವಕ್ಕೂ ಹೊಣೆಯಿದೆ ಎಂದು 2002ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು 4-3ರ ಬಹುಮತದಲ್ಲಿ ಹೇಳಿತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದರೂ 2003ರಲ್ಲಿ ಅದು ತೀರ್ಪು ಕೊಡದೆ ಕೈಬಿಟ್ಟಿತು. ಕೊನೆಗೆ ರಾಜಿಯಾಗಿ, 15 ಲಕ್ಷ ಡಾಲರ್ ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸುವ ಸಂಸ್ಥೆಯೊಂದಕ್ಕೆ ಸಂದಿತು. ಏಳು ನ್ಯಾಯಾಧೀಶರಲ್ಲಿ ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತರೆಂದರೆ ಆ ಗೆರೆ ಎಷ್ಟು ತೆಳುವೆಂದು ಗೊತ್ತಾಗುತ್ತದೆ.

ಈ ಪ್ರಶ್ನೆ ಕರ್ನಾಟಕಕ್ಕೆ ದೂರದ್ದಲ್ಲ. ಹೊರದೇಶದ ದೊಡ್ಡ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿಯುವ ಗಾರ್ಮೆಂಟ್ಸ್ ಕಾರ್ಖಾನೆಗಳು ಬೆಂಗಳೂರಿನ ಉದ್ದಗಲಕ್ಕೂ ಇವೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು ವಿರೋಧಿಸಿ, ಆ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಬಂದು ಕೂತರು. ಮಗಳ ಮದುವೆಗೆ, ಮನೆಯ ಕಾಯಿಲೆಗೆ ಕೈಗೆ ಸಿಗುವ ದುಡ್ಡು ಅದೊಂದೇ. ಎರಡು ದಿನ ನಗರ ನಿಂತುಹೋಯಿತು. ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅದೇ ನಗರದಲ್ಲಿ ಬಿಬಿಎ, ಎಂಬಿಎ ಓದುವ ಹುಡುಗರು ಉದ್ಯಮಗಳ ಬಗ್ಗೆ ಪ್ರಾಜೆಕ್ಟ್ ವರದಿ ಬರೆಯುತ್ತಾರೆ. ವರದಿಯ ಪಟ್ಟಿಯಲ್ಲಿ ‘ಕಾರ್ಮಿಕ ವೆಚ್ಚ’ ಎಂಬ ಸಾಲು ಇದ್ದೇ ಇರುತ್ತದೆ. ಬೆಳಿಗ್ಗೆ ಅವರು ಹತ್ತುವ ಬಸ್ಸಿನಲ್ಲೇ, ಬುತ್ತಿಚೀಲ ತೊಡೆಯ ಮೇಲಿಟ್ಟುಕೊಂಡು, ಆ ಸಾಲು ಕಿಟಕಿಯ ಪಕ್ಕ ಕೂತಿರುತ್ತದೆ.

2006ರಲ್ಲಿ ಫಿಲ್ ನೈಟ್ ತಾವು ಓದಿದ ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲಿಗೆ 10.5 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಅವರ ಹೆಸರು ಹೊತ್ತ ಹೊಸ ಆವರಣ 2011ರಲ್ಲಿ ತೆರೆಯಿತು. ವಿದ್ಯಾರ್ಥಿಗಳು ಇಂದು ಅಲ್ಲಿನ ತರಗತಿಗಳಲ್ಲಿ ಕೂತು, ತಾವಿನ್ನೂ ಮಾಡಿರದ ಉದ್ಯಮಗಳ ಬಗ್ಗೆ ಬರೆಯುತ್ತಾರೆ, ಸಹಪಾಠಿಗಳ ಮುಂದೆ ಎದ್ದು ನಿಂತು ಓದುತ್ತಾರೆ. ಓದಿ ಮುಗಿಸಿದ ಮೇಲೆ ಪ್ರಶ್ನೆಗಳಿಗೆಂದು ಸ್ವಲ್ಪ ಹೊತ್ತು ಇರುತ್ತದೆ.